ಮೈಮೇಲಿನ ಮಚ್ಚೆಗಳು

ಮಚ್ಚೆಯಿಲ್ಲದ ಮೈಯುಳ್ಳವರು ಬಹು ವಿರಳ. ಮುಖ, ಕೊರಳು, ತೋಳುಗಳನ್ನು ಬೆಳಕಿನಲ್ಲಿ ಒಮ್ಮೆ ನಿಧಾನವಾಗಿ ಪರೀಕ್ಷಿಸಿ ನೋಡಿದರೆ ಎಳ್ಳಿನಷ್ಟು ಸಣ್ಣದೋ ಉದ್ದಿನಷ್ಟು ದೊಡ್ಡದೋ ಆದ ಕಪ್ಪು ಚುಕ್ಕೆಯೊಂದಾದರೂ ಕಾಣಿಸದೆ ಇರದು. ಅರ್ಜಿಯ ನಮೂನೆಗಳಲ್ಲಿ 'ಗುರುತಿನ ಚಿಹ್ನೆ' ಎಂಬ ಅಂಕಣ ಎದುರಾದಾಗ ನಮಗೆ ಥಟ್ಟನೆ ನೆನಪಾಗುವುದೂ ಇದೇ. 'ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ' ಎಂದು ಬರೆದು ಮುಂದಿನ ಅಂಕಣಕ್ಕೆ ಹೋಗಿಬಿಡುತ್ತೇವೆ. ಆದರೆ ಆ ಮಚ್ಚೆ ಅಲ್ಲಿ ಹುಟ್ಟಿದುದು ಹೇಗೆ? ಹುಟ್ಟಿ ಬೆಳೆದುದು ಅಷ್ಟಕ್ಕೇ ನಿಂತುದೇಕೆ? ಈ ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ಹೆಚ್ಚು ಮುಖ್ಯವಾದುದೆಂಬುದು ಮುಂದೆ ವಾಚಕರಿಗೆ ತಿಳಿದುಬರುವುದು.

ಹಿಂದಿನವರ ವಿವರಣೆಗಳು

ಸಾಮುದ್ರಿಕವನ್ನು ಬಲ್ಲವರು ಮಚ್ಚೆ ಎಲ್ಲಿದೆಯೆಂಬುದನ್ನು ನೋಡಿ ಫಲ ಹೇಳುವರು. ಬಲಗಡೆಯಿದ್ದರೆ ಒಂದು ಫಲ, ಎಡಗಡೆಯಿದ್ದರೆ ಇನ್ನೊಂದು, ಗಂಡಿಗೊಂದು, ಹೆಣ್ಣಿಗೊಂದು. ಹುಟ್ಟಿನಿಂದಲೇ ಬಂದ ಮಚ್ಚೆಯಾದರೆ ತಾಯಿಯ ಕಡೆಗೆ ಬೆರಳು ತೋರಿಸುವುದು ವಾಡಿಕೆ. ಗ್ರಹಣಕಾಲದಲ್ಲಿ ಬಸುರಿಯು ಹೊರಗೆ ಬಂದಳೆಂದೋ, ಈಳಿಗೆಮಣೆಯ ಮುಂದೆ ಕುಳಿತು ಏನನ್ನೋ ಹೆಚ್ಚಿದಳೆಂದೋ ಮಗುವಿನ ಮೈಯಲ್ಲಿ ಕಲೆ ಮೂಡಿತೆಂದು ಹೇಳುವವರು ಇಂದಿಗೂ ಉಂಟು. ಇಂಥ ನಂಬಿಕೆ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಜರ್ಮನ್ ಭಾಷೆಯಲ್ಲಿ ಹುಟ್ಟುಮಚ್ಚೆಗೆ 'ತಾಯಿಯ ಗುರುತು' ಎಂಬರ್ಥದ ಹೆಸರಿದೆ. ಇಟಲಿಯವರು ಅದನ್ನು 'ಬಯಕೆ' ಎಂದೇ ಕರೆಯುವರು. ಬಸುರಿಯ ಬಯಕೆ ತೀರದೆ ಹೋದರೆ ಅದು ಮಗುವಿನ ಮೈಮೇಲೆ ಕಾಣಿಸಿಕೊಳ್ಳುವುದೆಂದು ಅಲ್ಲಿಯ ಹಳೆಯ ನಂಬಿಕೆ. ಹೀಗೆ ಎಷ್ಟೋ ನಾಡುಗಳಲ್ಲಿ ಎಷ್ಟೋ ಮಂದಿ ತಾಯಂದಿರು ತಾವು ಮಾಡದ ತಪ್ಪಿಗಾಗಿ ನೊಂದಿರುವರು.

ಫಲವನ್ನು ಹೇಳಲು ಹೋಗದೆ ಕಣ್ಣಿಗೆ ಕಂಡುದನ್ನು ಬರೆದಿಟ್ಟವರೂ ನಮ್ಮಲ್ಲಿ ಇದ್ದರು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಎಳ್ಳಿನಷ್ಟಿರುವ, ಕಪ್ಪಾದ, ನೋವಿಲ್ಲದ, ಚರ್ಮದ ಮಟ್ಟಕ್ಕೆ ಸಮನಾದ ಚುಕ್ಕೆಗೆ 'ತಿಲಕಾಲಕ' ಎಂದು ಹೆಸರು. ಉದ್ದಿನ ಕಾಳಿನಂತೆ ಕಪ್ಪಗೆ ಉಬ್ಬಿರುವುದು 'ಮಷಕ'. ಹುಟ್ಟಿನೊಡನೆ ಬಂದುದು 'ಜತುಮಣಿ'. ವಾತ, ಪಿತ್ತ, ಕಫಗಳ ಮೂಲಕ ಅಲ್ಲಿ ಹೇಳಿರುವ ಕಾರಣಗಳನ್ನು ಈಗಿನ ವಿಜ್ಞಾನವು ಒಪ್ಪುವುದಿಲ್ಲ. ಆದರೆ ಗಾತ್ರವೆಷ್ಟು, ಉಬ್ಬಿದೆಯೆ, ನೋವಿದೆಯೆ, ಹುಟ್ಟಿನಿಂದ ಇದ್ದುದೆ ಎಂಬ ಆ ನಾಲ್ಕು ಪ್ರಶ್ನೆಗಳನ್ನು ಇಂದಿನ ಚರ್ಮವೈದ್ಯರೂ ಕೇಳುವರು.

ಬಣ್ಣವನ್ನು ತಯಾರಿಸುವ ಕೋಶಗಳು

ನಮ್ಮ ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿರುವುವು. ಮೇಲಿನದು ಹೊರಚರ್ಮ, ಮೈಯ ಬಹುಭಾಗದಲ್ಲಿ ಇದರ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ. ಅದರ ಕೆಳಗೆ ರಕ್ತನಾಳಗಳೂ ನರಗಳೂ ಹರಡಿರುವ ಒಳಚರ್ಮವಿದೆ. ಹೊರಚರ್ಮದ ಬುಡದ ಸಾಲಿನಲ್ಲಿ ಅಲ್ಲಲ್ಲಿ ಕವಲುಗಳುಳ್ಳ ವಿಶೇಷ ಜೀವಕೋಶಗಳು ಹುದುಗಿಕೊಂಡಿರುವುವು. ಇವೇ ವರ್ಣಕೋಶಗಳು. ಇವು ಮೆಲನಿನ್ ಎಂಬ ಕಂದುಗಪ್ಪು ದ್ರವ್ಯವನ್ನು ತಯಾರಿಸಿ, ಸಣ್ಣ ಸಣ್ಣ ಕಣಗಳಾಗಿ ಕಟ್ಟಿ, ತಮ್ಮ ಕವಲುಗಳ ಮೂಲಕ ನೆರೆಯ ಕೋಶಗಳಿಗೆ ಹಂಚುವುವು. ಒಂದೊಂದು ವರ್ಣಕೋಶವೂ ಸುಮಾರು 36 ನೆರೆಕೋಶಗಳಿಗೆ ಬಣ್ಣವನ್ನು ಒದಗಿಸುವುದೆಂದು ಲೆಕ್ಕವಿದೆ. ಪಡೆದ ಕೋಶವು ಆ ಕಣಗಳನ್ನು ತನ್ನ ಬೀಜದ ಮೇಲೆ ಕೊಡೆಯಂತೆ ಹರಡಿಕೊಂಡು, ಬಿಸಿಲಿನ ಅತಿನೇರಿಳೆ ಕಿರಣಗಳಿಂದ ಅದನ್ನು ಕಾಪಾಡುವುದು.

ಕಪ್ಪು ಮೈಯವರಲ್ಲಿ ವರ್ಣಕೋಶಗಳು ಹೆಚ್ಚಾಗಿಯೂ ಬಿಳಿಯರಲ್ಲಿ ಕಡಮೆಯಾಗಿಯೂ ಇರುವುವೆಂದು ಅನೇಕರು ಊಹಿಸುವರು. ಅದು ಸರಿಯಲ್ಲ. ಎಲ್ಲ ಮನುಷ್ಯರಲ್ಲಿಯೂ ಇವುಗಳ ಸಂಖ್ಯೆ ಹೆಚ್ಚುಕಡಮೆ ಒಂದೇ. ಭೇದವಿರುವುದು ಇವು ತಯಾರಿಸುವ ಮೆಲನಿನ್ನಿನ ಪ್ರಮಾಣದಲ್ಲಿ, ಬಗೆಯಲ್ಲಿ, ಕಣಗಳ ಗಾತ್ರದಲ್ಲಿ ಮತ್ತು ಅವು ಹಂಚಿಕೆಯಾಗುವ ರೀತಿಯಲ್ಲಿ.

ಈ ಕೋಶಗಳು ಚರ್ಮದಲ್ಲಿಯೇ ಹುಟ್ಟಿದುವಲ್ಲವೆಂಬುದು ಸೋಜಿಗದ ಸಂಗತಿ. ಭ್ರೂಣದ ಬೆನ್ನಿನ ಮೇಲೆ, ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗಲಿರುವ ಕೊಳವೆಯ ಅಂಚಿನಲ್ಲಿ, ಒಂದು ಕೋಶಪಟ್ಟಿ ಏರ್ಪಡುವುದು. 1868ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ವಿಜ್ಞಾನಿ ಕೋಳಿಮರಿಯ ಭ್ರೂಣದಲ್ಲಿ ಇದನ್ನು ಮೊದಲು ಗುರುತಿಸಿದರು. ವರ್ಣಕೋಶಗಳ ಪೂರ್ವಜರು ಇಲ್ಲಿಂದ ಹೊರಟು, ಬೆನ್ನಿನಿಂದ ಪಕ್ಕೆಗಳಿಗೆ, ಪಕ್ಕೆಗಳಿಂದ ಹೊಟ್ಟೆಯ ಕಡೆಗೆ ಸಂಚರಿಸಿ ಚರ್ಮವನ್ನು ಸೇರುವುವು. ಹಣೆಯ ನಡುವೆ ಬಿಳಿಯ ಚುಕ್ಕೆಯುಳ್ಳ ಹಸುವನ್ನೂ ಹೊಟ್ಟೆ ಮತ್ತು ಪಾದಗಳು ಬೆಳ್ಳಗಿರುವ ನಾಯಿಯನ್ನೂ ನಾವೆಲ್ಲರೂ ನೋಡಿರುವೆವಷ್ಟೆ. ಬೆನ್ನಿನಿಂದ ಹೊರಟ ಈ ಪ್ರಯಾಣಿಕರಿಗೆ ಅತಿ ದೂರವಾದ ಸ್ಥಳಗಳು ಅವೇ. ಅಲ್ಲಿಗೆ ಸಾಕಷ್ಟು ಕೋಶಗಳು ತಲಪಲಿಲ್ಲವಾದ ಕಾರಣ ಬಣ್ಣವೂ ಬರಲಿಲ್ಲ.

ದಾರಿಯಲ್ಲಿ ಉಳಿದ ಕೋಶಗಳು

ಹೊರಚರ್ಮವನ್ನು ಸೇರದೆ ಕೆಲವು ವರ್ಣಕೋಶಗಳು ಒಳಚರ್ಮದ ಆಳದಲ್ಲಿಯೇ ಉಳಿದುಬಿಡುವುದೂ ಉಂಟು. ನಮ್ಮ ಹಸುಗೂಸುಗಳ ಸೊಂಟದ ಮೇಲೆ, ಕುಂಡೆಯ ಮೇಲೆ ಕಾಣುವ ನೀಲಿಗಪ್ಪು ಕಲೆ ಹೀಗೆ ಆದುದು. 1885ರಲ್ಲಿ ಜಪಾನಿನಲ್ಲಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಇದನ್ನು ವರ್ಣಿಸಿ ಮಂಗೋಲ ಜನಾಂಗದ ಲಕ್ಷಣವೆಂದು ಭಾವಿಸಿದುದರಿಂದ 'ಮಂಗೋಲ ಮಚ್ಚೆ' ಎಂಬ ಹೆಸರು ನಿಂತಿತು. ವಾಸ್ತವವಾಗಿ ಭಾರತ, ಆಫ್ರಿಕ ಮುಂತಾದ ಕಡೆಗಳ ಮಕ್ಕಳಲ್ಲಿಯೂ ಇದು ಬಹು ಸಾಮಾನ್ಯ. ಆದ್ದರಿಂದ ಈಗಿನ ವೈದ್ಯರು ಆ ಹೆಸರನ್ನು ಕೈಬಿಡುತ್ತಿರುವರು. ಮೆಲನಿನ್ನಿನ ಬಣ್ಣ ಕಂದು; ಹಾಗಾದರೆ ಈ ಕಲೆ ನೀಲಿಯಾಗಿ ಕಾಣುವುದೇಕೆ? ಬೆಳಕು ಚರ್ಮದೊಳಕ್ಕೆ ಹೊಕ್ಕಾಗ ಅದರ ಕೆಂಪು ಭಾಗವು ಆಳದವರೆಗೆ ಹೋಗಿ ಅಲ್ಲಿರುವ ಮೆಲನಿನ್ನಿನಲ್ಲಿ ಇಂಗಿಹೋಗುವುದು. ನೀಲಿ ಭಾಗವು ಮೇಲೆಯೇ ಚೆದರಿ ನಮ್ಮ ಕಣ್ಣಿಗೆ ಮರಳುವುದು. ನೀಲಿ ಬೆಳಕು ಹೆಚ್ಚಾಗಿ ಚೆದರುವುದೆಂಬ ಈ ನಿಯಮವೇ ಆಕಾಶಕ್ಕೂ ನೀಲಿಬಣ್ಣ ಕೊಟ್ಟಿರುವುದು. ಈ ಕಲೆಗಳಲ್ಲಿ ಬಹುಪಾಲು ಮಗುವಿಗೆ ಕೆಲವು ವರ್ಷಗಳಾಗುವಷ್ಟರಲ್ಲಿ ತಾವಾಗಿಯೇ ಮಾಯವಾಗುವುವು. ಇದನ್ನು ಪೆಟ್ಟಿನ ಗುರುತೆಂದು ಭ್ರಮಿಸಬಾರದು.

ಮೊದಲಾಗಿ ನಿಂತ ಬೆಳೆವಣಿಗೆ

ಇನ್ನು ಸಾಮಾನ್ಯವಾದ ಕಪ್ಪು ಮಚ್ಚೆಯ ವಿಷಯಕ್ಕೆ ಬರೋಣ. ಇದು ಬಣ್ಣದ ಬರಿಯ ಚುಕ್ಕೆಯಲ್ಲ. ವರ್ಣಕೋಶಗಳ ಒಂದು ಗುಂಪು. ಒಂಟಿಯಾಗಿ ಇರಬೇಕಾಗಿದ್ದ ಒಂದು ವರ್ಣಕೋಶವು ಒಡೆದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಸಾವಿರಾರು ಕೋಶಗಳ ಗೂಡು ಕಟ್ಟಿಕೊಂಡುದರ ಫಲವೇ ಮಚ್ಚೆ. ಹೀಗೆ ಒಡೆಯಲು ಆರಂಭಿಸುವಂತೆ ಅದನ್ನು ಪ್ರೇರಿಸಿದುದು ಯಾವುದು?

ಇದಕ್ಕೆ ಉತ್ತರ ದೊರೆತುದು ಈ ಶತಮಾನದ ಆರಂಭದಲ್ಲಿ. ಮೆಲನೋಮ ಎಂಬುದು ವರ್ಣಕೋಶಗಳಿಂದ ಹುಟ್ಟುವ ಒಂದು ಭಯಂಕರ ಕ್ಯಾನ್ಸರು. ಆ ಗೆಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ 'ಬಿ-ರಾಫ್' ಎಂಬ ಜೀನು ಕೆಟ್ಟಿರುವುದೆಂದು 2002ರಲ್ಲಿ ಬ್ರಿಟನ್ನಿನ ಸಂಶೋಧಕರು ಕಂಡುಹಿಡಿದರು. ಕೋಶವು ಯಾವಾಗ ಒಡೆಯಬೇಕೆಂಬ ಸಂದೇಶವನ್ನು ಮುಂದಕ್ಕೆ ಸಾಗಿಸುವುದು ಈ ಜೀನಿನಿಂದಾಗುವ ಪ್ರೋಟೀನಿನ ಕೆಲಸ. ಇದರಲ್ಲಿ 766 ಅಮೈನೋ ಆಮ್ಲಗಳು ಸರದಂತೆ ಪೋಣಿಸಿಕೊಂಡಿರುವುವು. 600ನೆಯ ಸ್ಥಾನದಲ್ಲಿ ವ್ಯಾಲೀನ್ ಇರಬೇಕಾದ ಎಡೆಯಲ್ಲಿ ಗ್ಲುಟಾಮಿಕ್ ಆಮ್ಲವು ಬಂದು ಕುಳಿತರೆ ಸಾಕು, ಸಂದೇಶವು ನಿಲ್ಲದೆ ಹರಿಯತೊಡಗುವುದು. ಸುಮಾರು 2,300 ಅಕ್ಷರಗಳ ಬರೆವಣಿಗೆಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದುದರ ಪರಿಣಾಮ ಇದು.

ಮರುವರ್ಷ, ಎಂದರೆ 2003ರಲ್ಲಿ, ನಿರುಪದ್ರವಿಗಳಾದ ಸಾಧಾರಣ ಮಚ್ಚೆಗಳನ್ನು ಪರೀಕ್ಷಿಸಿದಾಗ ವಿಜ್ಞಾನಿಗಳಿಗೆ ಅಚ್ಚರಿ ಕಾದಿದ್ದಿತು. ಅವುಗಳಲ್ಲಿ ಶೇಕಡ 80ರಷ್ಟರಲ್ಲಿ ಇದೇ ದೋಷ ಕಂಡುಬಂದಿತು! ಹಾಗಾದರೆ ಎಲ್ಲರ ಮೈಮೇಲೂ ಕ್ಯಾನ್ಸರಿನ ಬೀಜ ಬಿದ್ದಂತಾಯಿತಲ್ಲವೆ? ಆದರೂ ಮಚ್ಚೆಗಳು ಒಂದು ಮಿತಿಯವರೆಗೆ ಬೆಳೆದು, ಐವತ್ತು ಅರವತ್ತು ವರ್ಷ ಅಲ್ಲಿಯೇ ತೆಪ್ಪಗಿರುವುವು. ಏಕೆ?

2005ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ಕೆಟ್ಟ ಬಿ-ರಾಫ್ ಜೀನನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆರೋಗ್ಯವಂತ ವರ್ಣಕೋಶಗಳಿಗೆ ಸೇರಿಸಿದಾಗ, ಅವು ಕ್ಯಾನ್ಸರಾಗುವ ಬದಲು ಒಡೆಯುವುದನ್ನೇ ನಿಲ್ಲಿಸಿಬಿಟ್ಟುವು. ಕೋಶವಿಭಜನೆಗೆ ಕಡಿವಾಣ ಹಾಕುವ 'ಪಿ-16' ಎಂಬ ಪ್ರೋಟೀನು ಅವುಗಳಲ್ಲಿ ಹೆಚ್ಚಿದ್ದಿತು. ಮನುಷ್ಯರ ಮಚ್ಚೆಗಳಲ್ಲಿಯೂ ಅದೇ ಪ್ರೋಟೀನು, ಅದೇ ವಿಶ್ರಾಂತಿಯ ಲಕ್ಷಣಗಳು ಕಂಡುವು. ಈ ನಿಲುಗಡೆ ಹೇಗಾಗುವುದು, ಅದಕ್ಕೆ ಬೇರೆ ಯಾವ ಕಾರಣಗಳು ನೆರವಾಗುವುವು ಎಂಬುದನ್ನು ಕುರಿತ ಸಂಶೋಧನೆ ಇನ್ನೂ ನಡೆಯುತ್ತಿದೆ. ಆದರೆ ಮುಖ್ಯ ಸಂಗತಿ ಸ್ಪಷ್ಟ. ಮಚ್ಚೆಯೆಂಬುದು ಅಂಕೆ ತಪ್ಪಿ ಹೊರಟ ಒಂದು ಬೆಳೆವಣಿಗೆ. ದೇಹವು ಅದನ್ನು ತಡೆದು ನಿಲ್ಲಿಸಿದೆ. ನಮ್ಮ ಮೈಮೇಲಿನ ಒಂದೊಂದು ಮಚ್ಚೆಯೂ ಅಂಥ ತಡೆ ಯಶಸ್ವಿಯಾದುದರ ಗುರುತು.

ಅಕ್ಷರ ತಪ್ಪುವ ಈ ಘಟನೆ ಯಾವಾಗ ನಡೆಯಿತೆಂಬುದು ಮಚ್ಚೆಯ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು. ಎಳೆಯ ಸೋರೆಕಾಯಿಯ ಮೇಲೆ ಉಗುರಿನಿಂದ ಗೀಚಿದ ಸಣ್ಣ ಗೆರೆ ಕಾಯಿ ಬೆಳೆದಂತೆಲ್ಲ ಹಿಗ್ಗುವುದಷ್ಟೆ. ಹಾಗೆಯೇ ಭ್ರೂಣದೆಶೆಯಲ್ಲಿ ಒಂದು ಕೋಶ ಕೆಟ್ಟರೆ ಅದರ ಸಂತತಿಯೆಲ್ಲ ಚರ್ಮದ ದೊಡ್ಡ ಭಾಗವನ್ನು ಆವರಿಸಬಹುದು. ಹುಟ್ಟಿನಿಂದಲೇ ಬರುವ, ಕೆಲವೊಮ್ಮೆ 20 ಸೆಂಟಿಮೀಟರಿಗೂ ಮೀರಿ ಅಗಲವಾಗುವ ಕಪ್ಪು ಮಚ್ಚೆಗಳು ಇಂಥವು. ಇವುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು 'ಎನ್-ರಾಸ್' ಎಂಬ ಇನ್ನೊಂದು ಜೀನು. ಬಾಲ್ಯದಲ್ಲಿಯೋ ಯೌವನದಲ್ಲಿಯೋ ಘಟನೆ ನಡೆದರೆ ಆಗುವುದು ಎಳ್ಳಿನಷ್ಟು ಚುಕ್ಕೆ. ಹದಿಹರೆಯದಲ್ಲಿ ಹೊಸ ಮಚ್ಚೆಗಳು ಮೂಡುವುದು ಸಹಜ. ನಡುವಯಸ್ಸಿನ ಬಳಿಕ ಅವು ಕಡಮೆಯಾಗುತ್ತ, ಮುಪ್ಪಿನಲ್ಲಿ ಕೆಲವು ಮಾಸಿಯೇ ಹೋಗುವುವು.

ಇದರಲ್ಲಿ ವಂಶದ ಪಾತ್ರವೆಷ್ಟು? ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ಮಚ್ಚೆಗಳು ಹೆಚ್ಚಾಗಿದ್ದರೆ ಇನ್ನೊಬ್ಬರಿಗೂ ಹೆಚ್ಚಾಗಿರುವುದು ಸಾಮಾನ್ಯ. ಆದರೆ ಒಬ್ಬರ ಗಲ್ಲದಲ್ಲಿರುವ ಮಚ್ಚೆ ಇನ್ನೊಬ್ಬರ ಗಲ್ಲದಲ್ಲಿಯೂ ಇರಬೇಕೆಂಬ ನಿಯಮವಿಲ್ಲ. ಮಚ್ಚೆಗಳಾಗುವ ಪ್ರವೃತ್ತಿಯು ತಂದೆತಾಯಿಗಳಿಂದಲೂ, ಎಳವೆಯಲ್ಲಿ ತಗುಲಿದ ಬಿಸಿಲಿನಿಂದಲೂ ಬರುವುದು. ಇಂಥ ಕಡೆಯೇ ಆಗಬೇಕೆಂಬುದು ಕೇವಲ ಆಕಸ್ಮಿಕ. ಮಚ್ಚೆಯ ಸ್ಥಾನದಿಂದ ಭವಿಷ್ಯವನ್ನು ಓದಲು ಸಾಧ್ಯವಿಲ್ಲವೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ರಕ್ತನಾಳಗಳ ಮಚ್ಚೆಗಳು

ಕೆಂಪು ಬಣ್ಣದ ಹುಟ್ಟುಮಚ್ಚೆಗಳಿಗೂ ವರ್ಣಕೋಶಗಳಿಗೂ ಸಂಬಂಧವಿಲ್ಲ, ಇವು ರಕ್ತನಾಳಗಳಿಂದಾದುವು. ಇವುಗಳಲ್ಲಿ ಎರಡನ್ನು ಬೇರ್ಪಡಿಸಿ ತಿಳಿಯಬೇಕು. ಒಂದು, ದ್ರಾಕ್ಷಾರಸ ಚೆಲ್ಲಿದಂತೆ ಕಾಣುವ ಚಪ್ಪಟೆಯಾದ ಕೆಂಪು ಮಚ್ಚೆ. ಸೋವಿಯತ್ ಒಕ್ಕೂಟದ ಕೊನೆಯ ನಾಯಕ ಮಿಖಾಯಿಲ್ ಗೋರ್ಬಚೆವ್ ಅವರ ನೆತ್ತಿಯ ಮೇಲೆ ಇದ್ದುದು ಇಂಥದು. ಇದು ವಯಸ್ಸಿನೊಡನೆ ಮಾಸುವುದಿಲ್ಲ. ಇದಕ್ಕೂ ಭ್ರೂಣದ ಒಂದು ಕೋಶದಲ್ಲಿ ಒಂದು ಜೀನಿನ ಒಂದಕ್ಷರ ತಪ್ಪಿದುದೇ ಕಾರಣವೆಂದು 2013ರಲ್ಲಿ ಗೊತ್ತಾಯಿತು. ಹಣೆಯ ಮೇಲೆ ಮತ್ತು ಕಣ್ಣುರೆಪ್ಪೆಯ ಮೇಲೆ ಇಂಥ ಮಚ್ಚೆಯಿರುವ ಮಗುವಿನ ಕಣ್ಣು ಮತ್ತು ಮಿದುಳುಗಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಕೆಲವರಲ್ಲಿ ಅಲ್ಲಿಯ ರಕ್ತನಾಳಗಳಲ್ಲಿಯೂ ದೋಷವಿರುವುದು. ಮಚ್ಚೆಯನ್ನು ತಿಳಿಗೊಳಿಸಲು ಲೇಸರ್ ಕಿರಣಗಳ ಚಿಕಿತ್ಸೆಯಿದೆ. 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು ಇದರ ತತ್ತ್ವವನ್ನು ವಿವರಿಸಿದರು. ರಕ್ತದ ಹಿಮೊಗ್ಲೋಬಿನ್ ಚೆನ್ನಾಗಿ ಹೀರುವ ಹಳದಿ ಬೆಳಕನ್ನು ಕ್ಷಣಾರ್ಧಕ್ಕಿಂತಲೂ ಬಹು ಕಡಮೆ ಕಾಲ ಹಾಯಿಸಿದರೆ ರಕ್ತನಾಳ ಮಾತ್ರ ಕಾದು ಮುಚ್ಚಿಕೊಳ್ಳುವುದು. ಸುತ್ತಲಿನ ಚರ್ಮ ಬೇಯುವುದಿಲ್ಲ.

ಇನ್ನೊಂದು, ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಬೇಗಬೇಗನೆ ಉಬ್ಬಿ, ಕೆಂಪು ಹಣ್ಣಿನಂತಾಗುವ ಗಂಟು. ಇದನ್ನು ಕಂಡು ತಾಯಂದಿರು ಹೌಹಾರುವುದು ಸಹಜ. ಆದರೆ ಇವುಗಳಲ್ಲಿ ಬಹುಪಾಲು ಕೆಲವು ವರ್ಷಗಳಲ್ಲಿ ತಾವಾಗಿಯೇ ಕುಗ್ಗುವುವು. ಕಣ್ಣು, ಮೂಗು, ಬಾಯಿಗಳ ಬಳಿ ಬೆಳೆದು ಅಡ್ಡಿಯಾದರೆ ಮಾತ್ರ ಚಿಕಿತ್ಸೆ ಬೇಕು. ಆ ಚಿಕಿತ್ಸೆ ದೊರೆತುದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಒಂದು ಮಗುವಿಗೆ ಹೃದಯದ ತೊಂದರೆಗಾಗಿ ಪ್ರೊಪ್ರನೊಲಾಲ್ ಎಂಬ ಹಳೆಯ ಔಷಧವನ್ನು ಕೊಟ್ಟಾಗ, ಅದರ ಮೈಮೇಲಿದ್ದ ಗಂಟು ಕುಗ್ಗತೊಡಗಿತು. 2008ರಲ್ಲಿ ಈ ಸಂಗತಿ ಪ್ರಕಟವಾದ ಮೇಲೆ ಅದು ಎಲ್ಲೆಡೆಯೂ ಬಳಕೆಗೆ ಬಂದಿತು.

ಹಾಲು ಬೆರೆಸಿದ ಕಾಫಿಯ ಬಣ್ಣದ ಚಪ್ಪಟೆ ಮಚ್ಚೆಗಳೂ ಇವೆ. ಒಂದೆರಡಿದ್ದರೆ ಯೋಚನೆಯಿಲ್ಲ. ಚಿಕ್ಕ ಮಕ್ಕಳಲ್ಲಿ 5 ಮಿಲಿಮೀಟರಿಗಿಂತ ದೊಡ್ಡವು ಆರು ಅಥವಾ ಹೆಚ್ಚಾಗಿದ್ದರೆ, ನರಗಳಲ್ಲಿ ಗಂಟುಗಳಾಗುವ ಒಂದು ಆನುವಂಶಿಕ ರೋಗದ ಮುನ್ಸೂಚನೆಯಾಗಿರಬಹುದು, ವೈದ್ಯರಿಗೆ ತೋರಿಸಬೇಕು.

ಎಚ್ಚರಿಕೆಯ ಚಿಹ್ನೆಗಳು

ದೇಹದ ತಡೆ ಎಂದಾದರೂ ಮುರಿಯುವುದುಂಟೆ? ಉಂಟು, ಆದರೆ ಬಹು ಅಪರೂಪ. 40 ವರ್ಷದೊಳಗಿನವರಲ್ಲಿ ಒಂದು ಮಚ್ಚೆ ಒಂದು ವರ್ಷದಲ್ಲಿ ಮೆಲನೋಮವಾಗಿ ಮಾರ್ಪಡುವ ಸಂಭವ ಎರಡು ಲಕ್ಷಕ್ಕೆ ಒಂದಕ್ಕಿಂತ ಹೆಚ್ಚಲ್ಲವೆಂದು 2003ರಲ್ಲಿ ಅಮೆರಿಕದಲ್ಲಿ ಲೆಕ್ಕ ಹಾಕಿರುವರು. ಮೆಲನೋಮಗಳಲ್ಲಿ ಹೆಚ್ಚಿನವು ಹಳೆಯ ಮಚ್ಚೆಯಿಂದ ಹುಟ್ಟುವುದಿಲ್ಲ. ಮಚ್ಚೆಯಿಲ್ಲದ ಕಡೆ ಹೊಸದಾಗಿಯೇ ತೋರುವುವು. ಮಚ್ಚೆಗಳನ್ನೆಲ್ಲ ತೆಗೆಸಿಹಾಕುವುದರಿಂದ ಪ್ರಯೋಜನವಿಲ್ಲವೆಂಬುದು ಇದರಿಂದ ತಿಳಿಯುವುದು. ಬೇಕಾದುದು ಗಮನ.

ಯಾವುದನ್ನು ಗಮನಿಸಬೇಕು? ನ್ಯೂಯಾರ್ಕಿನ ವೈದ್ಯರು 1985ರಲ್ಲಿ ನಾಲ್ಕು ಚಿಹ್ನೆಗಳನ್ನು ಹೇಳಿದರು. 2004ರಲ್ಲಿ ಐದನೆಯದು ಸೇರಿತು. ಮಚ್ಚೆಯ ನಡುವೆ ಗೆರೆ ಎಳೆದಂತೆ ಭಾವಿಸಿದಾಗ ಎರಡು ಅರ್ಧಗಳೂ ಒಂದನ್ನೊಂದು ಹೋಲದಿರುವುದು, ಅಂಚು ಒಡಕಾಗಿರುವುದು, ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು, ನೀಲಿ ಎಂದು ಹಲವು ಬಣ್ಣಗಳಿರುವುದು, ಅಗಲ 6 ಮಿಲಿಮೀಟರನ್ನು ಮೀರಿರುವುದು, ಎಲ್ಲಕ್ಕಿಂತ ಮಿಗಿಲಾಗಿ, ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಅದು ಬದಲಾಗುತ್ತಿರುವುದು. ಸಾಮುದ್ರಿಕನು ಮಚ್ಚೆ ಎಲ್ಲಿದೆಯೆಂದು ಕೇಳುವನು. ವೈದ್ಯನು ಅದು ಬದಲಾಗುತ್ತಿದೆಯೆ ಎಂದು ಕೇಳುವನು. ನಿಂತ ಬೆಳೆವಣಿಗೆ ಮತ್ತೆ ಹೊರಟಿತೆ ಎಂಬುದೇ ಆ ಪ್ರಶ್ನೆಯ ಅರ್ಥ.

ನಮ್ಮ ಮೈಬಣ್ಣದವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಬಿಸಿಲಿನಿಂದಾಗುವ ಮೆಲನೋಮ ನಮ್ಮಲ್ಲಿ ಕಡಮೆ. ಮೆಲನಿನ್ನಿನ ಕೊಡೆ ನಮ್ಮನ್ನು ಕಾಯುವುದು. ಆದರೆ ಬಿಸಿಲಿಗೂ ತನಗೂ ಸಂಬಂಧವಿಲ್ಲದಂತೆ ಅಂಗಾಲು, ಅಂಗೈ, ಉಗುರಿನ ಅಡಿಗಳಲ್ಲಿ ಹುಟ್ಟುವ ಒಂದು ಬಗೆಯಿದೆ. ಭಾರತ, ಆಫ್ರಿಕ, ಪೂರ್ವ ಏಷ್ಯಗಳವರಲ್ಲಿ ಕಾಣುವ ಮೆಲನೋಮಗಳಲ್ಲಿ ಇದರ ಪಾಲು ದೊಡ್ಡದು. ಜಮೈಕದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ ಅವರ ಕಾಲ್ಬೆರಳಿನ ಉಗುರಿನ ಅಡಿಯಲ್ಲಿ 1977ರಲ್ಲಿ ಪತ್ತೆಯಾದುದು ಇದೇ. 1981ರಲ್ಲಿ, 36ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಂಗಾಲಿನಲ್ಲಿ ಕಪ್ಪು ಕಲೆಯಾಗಿ ಆರಂಭವಾಗುವ ಈ ರೋಗವನ್ನು ಆಣಿಯೆಂದೋ, ಮುಳ್ಳು ಚುಚ್ಚಿದ ಗಾಯವೆಂದೋ ಉದಾಸೀನ ಮಾಡುವುದರಿಂದ ಕಾಲ ಮೀರಿಹೋಗುವುದು. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ವೈದ್ಯರು ಗೆಡ್ಡೆಯ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಳೆದು, ರೋಗಿಯ ಮುಂದಿನ ಗತಿ ಅದನ್ನೇ ಅವಲಂಬಿಸಿರುವುದೆಂದು ತೋರಿಸಿದರು. ಒಂದು ಮಿಲಿಮೀಟರಿಗಿಂತ ತೆಳುವಾಗಿರುವಾಗಲೇ ಕತ್ತರಿಸಿ ತೆಗೆದರೆ ಬಹುಮಂದಿ ಪೂರ್ಣವಾಗಿ ಗುಣಹೊಂದುವರು.

ಮಚ್ಚೆಯೆಂಬ ಹೆಸರಿನ ಬೇರೊಂದು ರೋಗ

ನಮ್ಮ ಸರಕಾರಿ ಆಸ್ಪತ್ರೆಗಳ ಗೋಡೆಗಳ ಮೇಲೆ 'ಮಚ್ಚೆ' ಎಂಬ ಮಾತು ಕಂಡಾಗ ಅದರ ಅರ್ಥ ಬೇರೆ. ಅಲ್ಲಿ ಹೇಳಿರುವುದು ಕುಷ್ಠರೋಗದ ಮೊದಲ ಗುರುತನ್ನು. ಅದು ಹುಟ್ಟಿನಿಂದ ಬಂದುದಲ್ಲ. ತಿಳಿಯಾದ ಬಿಳಿಚು ಬಣ್ಣದ ಅಥವಾ ತಾಮ್ರವರ್ಣದ ಚಪ್ಪಟೆ ಕಲೆ. ಮುಟ್ಟಿದರೆ ಅರಿವಾಗದಿರುವುದೇ ಅದರ ವಿಶೇಷ. ರೋಗಾಣುಗಳು ನರಗಳನ್ನು ಕೆಡಿಸಿರುವುದರಿಂದ ಹೀಗಾಗುವುದು. ಹುಟ್ಟುಮಚ್ಚೆಯಲ್ಲಿ ಸ್ಪರ್ಶಜ್ಞಾನ ಎಂದಿನಂತೆಯೇ ಇರುವುದು. ಕುಷ್ಠಕ್ಕೆ ಈಗ ಬಹುಔಷಧ ಚಿಕಿತ್ಸೆಯಿದ್ದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವುದು. ಬೇಗ ಆರಂಭಿಸಿದರೆ ಅಂಗವಿಕಲತೆಗೆ ಎಡೆಯಿಲ್ಲ.

ಕೊನೆಯದಾಗಿ ಕೆಲವು ಮಾತು

ಅಂದಕ್ಕಾಗಿ ಮಚ್ಚೆಯನ್ನು ತೆಗೆಸಬಯಸುವವರು ಚರ್ಮವೈದ್ಯರಿಂದಲೇ ತೆಗೆಸಬೇಕು. ಸುಣ್ಣ, ಕ್ಷಾರ, ಆಮ್ಲಗಳನ್ನು ಹಚ್ಚಿ ಸುಡುವುದು, ಕೂದಲೆಳೆ ಬಿಗಿದು ಉದುರಿಸುವುದು ಇವೆಲ್ಲ ಅಪಾಯಕರ. ಸುಟ್ಟ ಗಾಯವು ಕಲೆಯಾಗಿ ನಿಲ್ಲುವುದು. ಅದಕ್ಕಿಂತಲೂ ಮುಖ್ಯವಾಗಿ, ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಅವಕಾಶ ತಪ್ಪಿಹೋಗುವುದು. ಮಚ್ಚೆಯ ಮೇಲೆ ಕೂದಲು ಬೆಳೆದಿದ್ದರೆ ಅದಕ್ಕಾಗಿ ಹೆದರಬೇಕಾಗಿಲ್ಲ.

ವಿದ್ಯಾರ್ಥಿಗಳು ತಮ್ಮ ಮೈಯನ್ನು ತಾವೇ ನೋಡಿಕೊಳ್ಳಬಲ್ಲರು. ಆದರೆ ಈ ರೋಗದ ಭಯ ಹೆಚ್ಚಾಗಿರುವುದು ಐವತ್ತು ದಾಟಿದವರಿಗೆ. ಅವರಲ್ಲಿ ಅನೇಕರಿಗೆ ಬಗ್ಗಿ ತಮ್ಮ ಅಂಗಾಲನ್ನು ನೋಡಿಕೊಳ್ಳುವುದು ಕಷ್ಟ, ಕಣ್ಣೂ ಮಂಜು. ಬರಿಗಾಲಿನಲ್ಲಿ ಹೊಲಗದ್ದೆಗಳಲ್ಲಿ ದುಡಿದವರಂತೂ ಕಾಲಿನ ಕಲೆಗಳನ್ನು ಲೆಕ್ಕಕ್ಕೇ ತಾರರು. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ತಿಂಗಳಿಗೊಮ್ಮೆ ಅವರ ಪಾದಗಳನ್ನು ತೊಳೆದು, ಒರೆಸಿ, ಬೆರಳ ಸಂದುಗಳನ್ನೂ ಉಗುರುಗಳನ್ನೂ ಅಂಗಾಲನ್ನೂ ಹಗಲಿನ ಬೆಳಕಿನಲ್ಲಿ ನೋಡುವುದು ಕಷ್ಟದ ಕೆಲಸವೇನಲ್ಲ. ಹಿಂದೆ ಇಲ್ಲದಿದ್ದ, ಹಿಗ್ಗುತ್ತಿರುವ ಕಪ್ಪು ಕಲೆಯಾಗಲಿ, ಮಾಯದ ಹುಣ್ಣಾಗಲಿ, ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆಯಾಗಲಿ ಕಂಡರೆ ಅದೇ ವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.